ಎಲೆಯ ತುದಿಯ ರುಚಿ

“ಊಟಕ್ಕಿಲ್ಲದ ಉಪ್ಪಿನಕಾಯಿ” ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಹೊತ್ತಿಗೆ ಒದಗದ ನೆಂಟನನ್ನು ಕುರಿತೋ, ಕೆಲಸ ಕೆಟ್ಟಮೇಲೆ ಬರುವ ಬುದ್ಧಿಮಾತನ್ನು ಕುರಿತೋ ಹೇಳುವ ಮಾತು ಅದು. ಈ ಗಾದೆ ಯಾರನ್ನು ಹಳಿದರೂ ಉಪ್ಪಿನಕಾಯಿಯನ್ನು ಹಳಿಯುವುದಿಲ್ಲ ಎಂಬುದನ್ನು ಕೇಳುಗರು ಗಮನಿಸಬೇಕು. ಊಟಕ್ಕೆ ಒದಗುವುದೇ ಉಪ್ಪಿನಕಾಯಿಯ ಧರ್ಮ; ಒದಗದಿದ್ದರೆ ಅದು ಇದ್ದೂ ಇಲ್ಲದಂತೆ ಎಂಬುದು ಅದರ ಇಂಗಿತ.

ಎಲೆಯಲ್ಲಿ ಅದರ ಸ್ಥಾನವನ್ನು ನೋಡಿ. ಉಪ್ಪು, ಉಪ್ಪಿನಕಾಯಿ, ಚಟ್ನಿ, ಗೊಜ್ಜು, ಇವುಗಳಿಗೆ ಎಲೆಯ ಮೇಲ್ಭಾಗದ ಅಂಚೇ ಮನೆ. ನಡುವಿನ ವಿಶಾಲವಾದ ಬಯಲೆಲ್ಲ ಅನ್ನಕ್ಕೋ ಮುದ್ದೆಗೋ ಮೀಸಲು. ಇಷ್ಟು ಕಿರಿದಾದ ಜಾಗ, ಇಷ್ಟು ಅಲ್ಪವಾದ ಪ್ರಮಾಣ. ಆದರೂ ನಮ್ಮ ಮನೆಗಳಲ್ಲಿ ಬೇರಾವ ಪದಾರ್ಥಕ್ಕೂ ಇಲ್ಲದ ಸಡಗರ, ಶ್ರಮ, ಭಯ, ನಿಯಮಗಳು ಇದಕ್ಕೇಕೆ? ಬಾಲ್ಯದಲ್ಲಿ ನನ್ನನ್ನು ಕಾಡಿದ ಈ ಪ್ರಶ್ನೆಗೆ ಸಿಕ್ಕ ಉತ್ತರವನ್ನು ನಿಮ್ಮ ಮುಂದಿಡುವುದು ಈ ಮಾತಿನ ಉದ್ದೇಶ.

ನಾನು ಹುಟ್ಟಿ ಬೆಳೆದದ್ದು ಚಿಕ್ಕಬಳ್ಳಾಪುರದ ಹತ್ತಿರ, ಕಳವಾರ ಬೆಟ್ಟದ ಬುಡದ ಸೀಮೆಯಲ್ಲಿ. ಅದನ್ನೇ ಸ್ಕಂದಗಿರಿ ಎನ್ನುತ್ತಾರೆ. ಈಗ ನಸುಕಿನ ಮೋಡಗಳನ್ನು ನೋಡಲು ಬೆಂಗಳೂರಿನ ತರುಣರು ಅದನ್ನು ಹತ್ತುತ್ತಾರೆ. ನಮ್ಮ ಕಾಲಕ್ಕೆ ಅದು ಕುರಿಗಾಹಿಗಳ, ಸೌದೆಯವರ ಬೆಟ್ಟ. ಆಗ ನಮ್ಮದು ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮುಂತಾದ ತಾಲ್ಲೂಕುಗಳು ಸೇರಿ ಬೇರೆ ಜಿಲ್ಲೆಯಾಯಿತು. ನಂದಿಯ ಸುತ್ತಿನ ಈ ಬೆಟ್ಟಗಳ ಸಾಲು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಅರ್ಕಾವತಿ ಎಲ್ಲವೂ ಇಲ್ಲಿಯ ಹೆಣ್ಣುಮಕ್ಕಳೇ. ಆದರೆ ಹೆಣ್ಣುಮಕ್ಕಳಂತೆಯೇ ಅವು ತವರಿನಲ್ಲಿ ನಿಲ್ಲುವುದಿಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆಯೂ ನಮಗಿಲ್ಲ. ಕೆರೆ ತುಂಬಿದ ವರ್ಷ ಭತ್ತ, ತುಂಬದ ವರ್ಷ ರಾಗಿ, ಹುರುಳಿ. ತರಕಾರಿ ಎಂಬುದು ಮಳೆಗಾಲದ ಮಾತು. ಬೇಸಗೆಯಲ್ಲಿ ಅದು ಸಂತೆಯಲ್ಲಿ ಕೊಳ್ಳಬೇಕಾದ ವಸ್ತು, ಕೊಳ್ಳಲು ಕಾಸಿದ್ದರೆ.

ಇಂಥ ಒಣಸೀಮೆಯಲ್ಲಿ ಮರಗಳೇ ದೊಡ್ಡ ದಾತರು. ಆದರೆ ಮರ ಕೊಡುವಾಗ ಒಮ್ಮೆಗೇ ಕೊಡುತ್ತದೆ. ಉಳಿದ ಕಾಲ ಕೈಕಟ್ಟಿ ನಿಲ್ಲುತ್ತದೆ. ಯುಗಾದಿಯ ಹೊತ್ತಿಗೆ ಮಾವಿನಕಾಯಿ, ಆಷಾಢ ಶ್ರಾವಣಗಳಲ್ಲಿ ನಿಂಬೆ, ಕಾರ್ತಿಕದಲ್ಲಿ ನೆಲ್ಲಿ, ಪುಷ್ಯದ ಸುಮಾರಿಗೆ ಎಳೆಯ ಹುಣಿಸೆಕಾಯಿ. ಬಂದಾಗ ಬುಟ್ಟಿಗಟ್ಟಲೆ, ತಿಂಗಳು ಕಳೆದರೆ ಹೆಸರಿಗೂ ಇಲ್ಲ. ಆ ಒಂದು ತಿಂಗಳನ್ನು ಹನ್ನೆರಡು ತಿಂಗಳಿಗೆ ಹಂಚುವ ಉಪಾಯವೇ ಜಾಡಿ. ನೀರನ್ನು ಕೆರೆಯಲ್ಲಿ ಕಟ್ಟಿ ನಿಲ್ಲಿಸಿದವರು ರುಚಿಯನ್ನು ಜಾಡಿಯಲ್ಲಿ ಕಟ್ಟಿ ನಿಲ್ಲಿಸಿದರು. ಎರಡೂ ಒಂದೇ ಬುದ್ಧಿಯ ಕೆಲಸ.

ಹೆಸರುಗಳನ್ನು ಸ್ವಲ್ಪ ನೋಡೋಣ. ಕನ್ನಡದವರು ಇದನ್ನು ಖಾರದ ಕಾಯಿ ಎನ್ನಲಿಲ್ಲ, ಎಣ್ಣೆಯ ಕಾಯಿ ಎನ್ನಲಿಲ್ಲ, ಉಪ್ಪಿನಕಾಯಿ ಎಂದರು. ಯಾವುದು ಅದನ್ನು ಕಾಯುತ್ತದೆಯೋ ಅದರ ಹೆಸರಿನಿಂದಲೇ ಕರೆದರು. ನಮ್ಮದು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಗಡಿನಾಡು. ತೆಲುಗಿನಲ್ಲಿ ಅದು ಊರಗಾಯ, ಎಂದರೆ ಊರಿದ, ನೆನೆದ ಕಾಯಿ. ಒಂದು ಭಾಷೆ ಕಾಯುವ ವಸ್ತುವನ್ನು ಹೇಳಿತು, ಇನ್ನೊಂದು ಕಾಯಬೇಕಾದ ಕಾಲವನ್ನು ಹೇಳಿತು. ಇನ್ನು ತೊಕ್ಕು ಎಂದರೆ ಕಾಯನ್ನು ಜಜ್ಜಿಯೋ ತುರಿದೋ ನೀರಿನ ಅಂಶ ಇಂಗುವವರೆಗೆ ಹದ ಮಾಡಿದ್ದು, ತಿಂಗಳುಗಟ್ಟಲೆ ಇರುತ್ತದೆ. ಗೊಜ್ಜು ಎಂದರೆ ಹುಣಿಸೆರಸದಲ್ಲಿ ಬೆಲ್ಲ, ಖಾರ ಕೂಡಿಸಿ ಹಾಗಲವನ್ನೋ ಬದನೆಯನ್ನೋ ಕುದಿಸಿದ್ದು. ಒಂದೆರಡು ದಿನದ ಬಾಳು. ಚಟ್ನಿ ಅಂದಂದಿಗೆ ಅರೆದದ್ದು, ಸಂಜೆಗೆ ಹಳಸುತ್ತದೆ. ಹೀಗೆ ಇವು ಒಂದೇ ಕುಲದವು. ಬಾಳುವ ಕಾಲದಲ್ಲಿ ಮಾತ್ರ ಭೇದ. ಹೆಚ್ಚು ಬಾಳಬೇಕಾದದ್ದಕ್ಕೆ ಹೆಚ್ಚು ಉಪ್ಪು, ಕಡಿಮೆ ನೀರು.

ಈ ಪದಾರ್ಥಗಳನ್ನು ಬರಿಯ ನಾಲಗೆಯ ಚಪಲವೆಂದು ಎಣಿಸುವವರು ಒಮ್ಮೆ ನಮ್ಮ ಸೀಮೆಯ ರಾಗಿಮುದ್ದೆಯ ಮುಂದೆ ಕೂರಬೇಕು. ರಾಗಿ ಬಲವುಳ್ಳ ಧಾನ್ಯ; ಆದರೆ ಮುದ್ದೆಗೆ ತನ್ನದೆಂಬ ಉಪ್ಪಿಲ್ಲ, ಹುಳಿಯಿಲ್ಲ. ಅದು ಗಂಟಲಲ್ಲಿ ಇಳಿಯಬೇಕಾದರೆ ಜೊತೆಗೆ ಏನಾದರೂ ಬೇಕು. ಸೊಪ್ಪು ಬೇಯಿಸಿದ ನೀರಿಗೆ ಉಪ್ಪು ಹಾಕಿದರೆ ಉಪ್ಪುಸಾರು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಿಸೆ ಅರೆದರೆ ಅದರ ಜೊತೆಗಾರ ಖಾರ. ಬಟ್ಟಲಿನ ಅಂಚಿಗೆ ಬಳಿದ ಆ ಗುಲಗಂಜಿಯಷ್ಟು ಖಾರ ಇಡೀ ಮುದ್ದೆಯನ್ನು ಊಟವನ್ನಾಗಿ ಮಾಡುತ್ತಿತ್ತು. ಸೊಪ್ಪೂ ಇಲ್ಲದ ದಿನ ಮುದ್ದೆ, ಮಜ್ಜಿಗೆ, ಒಂದು ಹೋಳು ಉಪ್ಪಿನಕಾಯಿ. ಅದು ಬಡತನದ ಊಟವೆಂಬುದನ್ನು ನಾನು ಮರೆಮಾಚುವುದಿಲ್ಲ. ಉಪ್ಪಿನಕಾಯಿಯಿಂದ ಹಸಿವು ಹಿಂಗುವುದಿಲ್ಲ. ಹಸಿವನ್ನು ಹಿಂಗಿಸುವ ಒರಟು ಅನ್ನವನ್ನು ಅದು ಮನುಷ್ಯ ಒಪ್ಪುವಂತೆ ಮಾಡುತ್ತಿತ್ತು.

ಈಗ ಜಾಡಿಯೊಳಗೆ ನಡೆಯುವುದೇನೆಂದು ನೋಡೋಣ. ನಮ್ಮ ಮನೆಯ ಲೆಕ್ಕ ತೂಕದಲ್ಲಿ ಐದಕ್ಕೆ ಒಂದು. ಐದು ಪಾಲು ಮಾವಿನ ಹೋಳಿಗೆ ಒಂದು ಪಾಲು ಕಲ್ಲುಪ್ಪು. ಉಪ್ಪು ಬಿದ್ದೊಡನೆ ಹೋಳಿನೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಮರುದಿನಕ್ಕೆ ಜಾಡಿಯ ತಳದಲ್ಲಿ ರಸ ನಿಲ್ಲುತ್ತದೆ. ಅದೇ ಉಪ್ಪು ಕೊಳೆಸುವ ಸೂಕ್ಷ್ಮಜೀವಿಗಳ ಮೈಯ ನೀರನ್ನೂ ಸೆಳೆದು ಅವುಗಳನ್ನು ನಿತ್ರಾಣಗೊಳಿಸುತ್ತದೆ. ಮಾವಿನ ಹುಳಿ ಎರಡನೆಯ ಕಾವಲು. ಅಷ್ಟು ಆಮ್ಲದಲ್ಲಿ ವಿಷಕಾರಿ ಜೀವಾಣುಗಳು ಬೆಳೆಯಲಾರವು. ಮೇಲೆ ನಿಲ್ಲುವ ಎಣ್ಣೆ ಮೂರನೆಯ ಕಾವಲು. ಬೂಸಿಗೆ ಗಾಳಿ ಬೇಕು, ಎಣ್ಣೆ ಆ ಗಾಳಿಯನ್ನು ತಡೆಯುತ್ತದೆ. ಅರೆದ ಸಾಸಿವೆ ನಾಲ್ಕನೆಯದು. ಇಡಿಯ ಸಾಸಿವೆಗೆ ಘಾಟಿಲ್ಲ. ಅದು ಒಡೆದು ತೇವ ತಾಕಿದಾಗ ಮಾತ್ರ ಮೂಗಿಗೇರುವ ಆ ಘಾಟು ಹುಟ್ಟುತ್ತದೆ, ಮತ್ತು ಅದು ಕ್ರಿಮಿಗಳಿಗೂ ಸಹಿಸದು. ನಮ್ಮ ಅಜ್ಜಿಯರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ; ಅದರ ಫಲ ತಿಳಿದಿತ್ತು. ಈ ನಾಲ್ಕು ಕಾವಲುಗಳಿಗೂ ಒಬ್ಬನೇ ಶತ್ರು, ಹೊರಗಿನಿಂದ ಬರುವ ನೀರು.

ಆ ಶತ್ರುವನ್ನು ಒಮ್ಮೆ ನಾನೇ ಒಳಗೆ ಬಿಟ್ಟೆ. ಹತ್ತು ವರ್ಷದ ಹುಡುಗನಾಗಿದ್ದಾಗ, ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೈತೊಳೆದು ಬಂದವನು ಯಾರೂ ಇಲ್ಲದ ವೇಳೆ ನೋಡಿ, ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಒದ್ದೆ ಕೈಯನ್ನೇ ಇಳಿಬಿಟ್ಟು ಹೋಳೊಂದನ್ನು ತೆಗೆದೆ. ಹದಿನೈದು ದಿನಗಳಲ್ಲಿ ಜಾಡಿಯ ಮೇಲೆ ಬಿಳಿಯ ಬೂಸು ಹಾಸಿತು. ವರ್ಷದ ಉಪ್ಪಿನಕಾಯಿ ತಿಪ್ಪೆ ಸೇರಿತು. ಆಗ ಮನೆಯ ಹಿರಿಯರು ವಿಚಾರಣೆ ನಡೆಸಿ ಕೊಟ್ಟ ತೀರ್ಪು ಇದು: ಹೊರಗೆ ಕೂತಿದ್ದ ಚಿಕ್ಕಮ್ಮನ ನೆರಳು ಜಾಡಿಗೆ ಬಿದ್ದಿರಬೇಕು. ಮುಟ್ಟಾದ ಹೆಂಗಸಿನ ನೆರಳು ಸೋಕಿದರೆ ಉಪ್ಪಿನಕಾಯಿ ಕೆಡುತ್ತದೆಂಬ ನಂಬಿಕೆ ನಿಮಗೂ ತಿಳಿದದ್ದೇ. ಚಿಕ್ಕಮ್ಮ ತಲೆ ತಗ್ಗಿಸಿ ಮಾತು ಕೇಳಿದಳು. ನಾನು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದೆ, ಬಾಯಿ ಬಿಡಲಿಲ್ಲ.

ಮುಟ್ಟಿಗೂ ಉಪ್ಪಿನಕಾಯಿಗೂ ಯಾವ ಸಂಬಂಧವೂ ಇಲ್ಲ. ಸಂಬಂಧವಿರುವುದು ತೇವಕ್ಕೆ, ಕೊಳೆಗೆ, ಸಾಲದ ಉಪ್ಪಿಗೆ. ಆ ತೇವ ಗಂಡಸಿನ ಕೈಯಲ್ಲಿದ್ದರೂ ಒಂದೇ, ಪೂಜೆಗೆ ಮಡಿಯುಟ್ಟವರ ಕೈಯಲ್ಲಿದ್ದರೂ ಒಂದೇ. “ಒಣಗಿದ ಕೈಯಿಂದ ಮುಟ್ಟಬೇಕು” ಎಂಬ ಶುದ್ಧವಾದ ಅನುಭವದ ಮಾತು “ಇಂಥವರು ಮುಟ್ಟಬಾರದು” ಎಂದು ಹೇಗೆ ತಿರುಗಿತೋ! ಜ್ಞಾನವನ್ನು ಕಾಯುವುದಕ್ಕೂ ಉಪ್ಪು ಬೇಕು. ಇಲ್ಲದಿದ್ದರೆ ಅದಕ್ಕೂ ಬೂಸು ಹಿಡಿಯುತ್ತದೆ. ಇಪ್ಪತ್ತು ವರ್ಷಗಳ ಮೇಲೆ ನಾನು ಚಿಕ್ಕಮ್ಮನಿಗೆ ನಿಜವನ್ನು ಒಪ್ಪಿಸಿದೆ. ಆಕೆ ನಕ್ಕಳು. “ಬಟ್ಟೆಯ ಗಂಟು ಗಂಡುಹುಡುಗರ ಗಂಟಾಗಿತ್ತು, ನನಗೆ ಆಗಲೇ ಗೊತ್ತಾಗಿತ್ತು” ಎಂದಳು. ಹೇಳಲಿಲ್ಲವೇಕೆ ಎಂದರೆ, “ಹೇಳಿದ್ದರೆ ಯಾರು ನಂಬುತ್ತಿದ್ದರು?” ಎಂದಳು. ಆ ಮಾತಿಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಉಪ್ಪಿನಕಾಯಿ ಸನಾತನವಾದದ್ದು, ಅದರಲ್ಲಿ ಏನನ್ನೂ ಬದಲಿಸಬಾರದು ಎನ್ನುವವರಿಗೆ ಒಂದು ಮಾತು. ಕ್ರಿ. ಶ. 1025ರ ಸುಮಾರಿನಲ್ಲಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಅಡಿಗೆಯ ವಿಚಾರವಿದೆ, ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ರಚಿಸಿದನು. ಆ ಕಾಲದ ಅಡಿಗೆಯಲ್ಲಿ ಖಾರವೆಂದರೆ ಕರಿಮೆಣಸು, ಶುಂಠಿ, ಸಾಸಿವೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ತುಗೀಸರ ಹಡಗುಗಳು ನಮ್ಮ ಕರಾವಳಿಗೆ ಬರತೊಡಗಿದ ಮೇಲೆ ಇಲ್ಲಿಗೆ ಬಂದದ್ದು. ಕನ್ನಡದ ಹೆಸರೇ ಇದಕ್ಕೆ ಸಾಕ್ಷಿ: ಮೆಣಸು ನಮ್ಮಲ್ಲಿ ಮೊದಲೇ ಇತ್ತು, ಅದರಂತೆ ಖಾರವಾದ ಕಾಯಿ ಬಂದಾಗ ಮೆಣಸಿನ ಕಾಯಿ ಎಂದೆವು. ಇಂದು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎನ್ನುವ ನಮಗೆ ಅದಿಲ್ಲದ ಜಾಡಿಯನ್ನು ಊಹಿಸುವುದೂ ಕಷ್ಟ. ಪರದೇಶದ ಕಾಯಿಯನ್ನು ಒಳಗೆ ಕರೆದುಕೊಂಡ ಜಾಡಿ, ಮನೆಯ ಹೆಣ್ಣುಮಗಳನ್ನು ಹೊರಗೆ ನಿಲ್ಲಿಸಿತು ಎಂಬುದು ಯೋಚಿಸತಕ್ಕ ವಿಷಯ.

ನಮ್ಮ ಬೆಟ್ಟಗಳ ನಡುವೆಯೇ ಈ ರುಚಿಯ ವಿರುದ್ಧವಾದ ಒಂದು ದೊಡ್ಡ ವಾದವೂ ಬಂದು ತಂಗಿತ್ತು. 1927ರ ಬೇಸಗೆಯಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿಯವರು ವಿಶ್ರಾಂತಿಗಾಗಿ ನಂದಿಬೆಟ್ಟದ ಮೇಲೆ ಇದ್ದರು. 1936ರ ಬೇಸಗೆಯಲ್ಲಿ ಮತ್ತೊಮ್ಮೆ ಬಂದರು. ಅವರ ಆಶ್ರಮದ ಹನ್ನೊಂದು ವ್ರತಗಳಲ್ಲಿ ಅಸ್ವಾದವೂ ಒಂದು. ಆಹಾರವನ್ನು ಔಷಧದಂತೆ ದೇಹಕ್ಕೆ ಬೇಕಾದಷ್ಟು ಸ್ವೀಕರಿಸಬೇಕೇ ಹೊರತು ನಾಲಗೆಯ ಸುಖಕ್ಕಲ್ಲ, ಮಸಾಲೆಗಳು ಅನಾವಶ್ಯಕ ಎಂಬುದು ಅವರ ನಿಲುವು. ಎರಡು ಸಲವೂ ಅವರು ಬಂದದ್ದು ಮಾವಿನಕಾಯಿಯ ಕಾಲದಲ್ಲಿ. ಬೆಟ್ಟದ ಮೇಲೆ ಅಸ್ವಾದದ ವ್ರತಿ, ಕೆಳಗಿನ ಊರುಗಳಲ್ಲಿ ಮಾವಿನ ಹೋಳು, ಕಲ್ಲುಪ್ಪು, ಸಾಸಿವೆಯ ಘಾಟು!

ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ತಳ್ಳಿಹಾಕುವ ಕಾರಣವೂ ಇಲ್ಲ. ಐದು ಬಗೆಯ ಭಕ್ಷ್ಯಗಳ ನಡುವೆ ಆರನೆಯದಾಗಿ ಉಪ್ಪಿನಕಾಯಿ ಬೇಡುವವನಿಗೆ ಆ ಉಪದೇಶ ತಕ್ಕದ್ದೇ. ಆದರೆ ಬರಿಯ ಮುದ್ದೆಯುಳ್ಳವನಿಗೆ ಅದೊಂದು ಹೋಳೇ ಊಟದ ಸಮಸ್ತ ಸಂಪತ್ತು. ಇದನ್ನು ಗಾಂಧೀಜಿ ಅರಿಯದವರಲ್ಲ. ತಮಗೆ ವ್ಯಂಜನ ಬೇಡವೆಂದ ಅದೇ ಮಹಾತ್ಮರು, ಬಡವನ ಊಟದ ಉಪ್ಪಿನ ಮೇಲೆ ತೆರಿಗೆ ಕೂಡದೆಂದು 1930ರಲ್ಲಿ ದಂಡಿಯವರೆಗೆ ನಡೆದರು. ಮಿತದಲ್ಲಿ ಅವರ ಮಾತೂ ನಮ್ಮ ಎಲೆಯ ಮಾತೂ ಸಂಧಿಸುತ್ತವೆಂದು ನನಗೆ ತೋರುತ್ತದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ಇಂದಿನ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿಯನ್ನು ಎಲೆಯ ತುದಿಯಲ್ಲಿ ಬಡಿಸಿದವರು ಅಳತೆಯನ್ನು ಅಂಕಿಯಲ್ಲಿ ಬರೆಯಲಿಲ್ಲ, ಸ್ಥಳದಲ್ಲಿ ಬರೆದರು. ತುದಿಯದು ನಡುವಿಗೆ ಬಂದರೆ ರೋಗ.

ಮಿತ ತಪ್ಪಿದರೆ ಕೆಡುವುದು ದೇಹ ಮಾತ್ರವಲ್ಲ. ಮಾಕಳಿಬೇರಿನ ಉಪ್ಪಿನಕಾಯಿಯನ್ನು ನೀವು ತಿಂದಿರಬಹುದು. ದಕ್ಷಿಣದ ಒಣ ಬಂಡೆಬೆಟ್ಟಗಳ ಸಂದುಗಳಲ್ಲಿ ಹಬ್ಬುವ ಬಳ್ಳಿಯ ಬೇರು ಅದು. ಸಿಪ್ಪೆ ಹೆರೆದು, ನಡುವಿನ ನಾರನ್ನು ತೆಗೆದು, ನಿಂಬೆರಸದಲ್ಲೋ ಮಜ್ಜಿಗೆಯಲ್ಲೋ ಹಾಕುತ್ತಾರೆ. ಅದರ ವಾಸನೆ ಕೆಲವರಿಗೆ ಸುಗಂಧ, ಕೆಲವರಿಗೆ ತಿಗಣೆ. ಆ ಗಂಧದ ದ್ರವ್ಯ ವೆನಿಲ್ಲಾದ ಪರಿಮಳದ್ರವ್ಯಕ್ಕೆ ದಾಯಾದಿಯೆಂದು ರಸಾಯನಶಾಸ್ತ್ರಜ್ಞರು ಹೇಳುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಈ ಬೇರಿನ ಮೇಲೆ ಸಂಶೋಧನೆಗಳು ನಡೆದಿವೆ. ಆದರೆ ಮಾವಿನಕಾಯಿ ಕಿತ್ತರೆ ಮರ ಉಳಿಯುತ್ತದೆ; ಬೇರು ಅಗೆದರೆ ಬಳ್ಳಿ ಹೋಗುತ್ತದೆ. ಹಿಂದೆ ಮನೆಯೊಂದಕ್ಕೆ ಒಂದು ಜಾಡಿಯಷ್ಟು ಅಗೆಯುತ್ತಿದ್ದುದು ಮಾರುಕಟ್ಟೆಗೆ ಮೂಟೆಗಟ್ಟಲೆ ಅಗೆಯುವಂತಾಗಿ, ಇಂದು ಆ ಬಳ್ಳಿ ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಯನ್ನು ಸೇರಿದೆ. ಕೆಡದಂತೆ ಕಾಯುವ ಕಲೆಯೇ ಮೂಲವನ್ನು ಕೆಡಿಸಿದರೆ ಅದನ್ನು ಕಲೆಯೆನ್ನಲಾದೀತೆ?

ಇದಕ್ಕೆ ವಿರುದ್ಧವಾದ ಕಷ್ಟ ಟೊಮೇಟೊದ್ದು. ಇದೂ ಮೆಣಸಿನಕಾಯಿಯಂತೆ ಅಮೆರಿಕದಿಂದ ಬಂದದ್ದೇ. ಇಂದು ಕೋಲಾರ, ಚಿಂತಾಮಣಿಗಳ ಮಾರುಕಟ್ಟೆಗಳಲ್ಲಿ ಅದರದೇ ರಾಜ್ಯ. ಆಳದ ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಉಣಿಸಿ ರೈತ ಅದನ್ನು ಬೆಳೆಯುತ್ತಾನೆ. 2023ರ ಜುಲೈನಲ್ಲಿ ಅದರ ಬೆಲೆ ಕಿಲೋಗೆ ನೂರು ರೂಪಾಯಿಯನ್ನು ದಾಟಿತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆಯ ಪಕ್ಕ ಸುರಿದು ಬರಿಯ ಗಾಡಿಯಲ್ಲಿ ಮನೆಗೆ ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ತಿಂಗಳನ್ನು ಹನ್ನೆರಡು ತಿಂಗಳಿಗೆ ಹಂಚುತ್ತಿದ್ದ ಸೀಮೆಯಲ್ಲಿ, ನೀರಿಲ್ಲದ ನೆಲದ ನೀರೆಲ್ಲ ಹಣ್ಣಾಗಿ ಬಂದು ರಸ್ತೆಯಲ್ಲಿ ಕೊಳೆಯುತ್ತದೆ.

ತೊಕ್ಕು ಮಾಡಿದರೆ ರೈತ ಉದ್ಧಾರವಾದಾನೆಂದು ನಾನು ಹೇಳಲಾರೆ. ಟೊಮೇಟೊದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ನಮ್ಮ ಮನೆಯಲ್ಲಿ ಹತ್ತು ಕಿಲೋ ಹಣ್ಣನ್ನು ಬತ್ತಿಸಿದರೆ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ತೊಕ್ಕು ಸಿಗುತ್ತದೆ. ಅಗ್ಗದ ದಿನಗಳಲ್ಲಿ ಅದಕ್ಕೆ ಬೇಕಾದ ಎಣ್ಣೆ, ಮೆಣಸಿನಕಾಯಿ, ಉರುವಲುಗಳ ಬೆಲೆಯೇ ಹಣ್ಣಿನ ಬೆಲೆಗಿಂತ ಹೆಚ್ಚು. ಒಲೆಯ ಮುಂದೆ ನಿಲ್ಲುವವರ ದುಡಿಮೆಗೆ ಬೆಲೆ ಕಟ್ಟುವವರೇ ಇಲ್ಲ. ಹಿಂದೆ ಜಾಡಿ ತುಂಬುತ್ತಿದ್ದುದು ಹೆಂಗಸರ ಕೂಲಿಯಿಲ್ಲದ ಕೆಲಸದಿಂದ ಎಂಬುದನ್ನು ನಾವು ಮರೆಯಬಾರದು. ಆದರೂ ಬೆಳೆಯುವ ಕಡೆಯೇ ಕಾಪಿಡುವ ಏರ್ಪಾಡಿದ್ದು, ಆ ಕೈಗಳಿಗೆ ತಕ್ಕ ಕೂಲಿಯೂ ದೊರೆತರೆ, ಸುರಿದು ಹೋಗುವುದರಲ್ಲಿ ಒಂದಷ್ಟಾದರೂ ಉಳಿದೀತು. ಬೆಳೆಯುವ ಬುದ್ಧಿಯನ್ನು ಕಲಿತ ನಾವು ಉಳಿಸುವ ಬುದ್ಧಿಯನ್ನು ಅಂಗಡಿಯ ಸೀಸೆಗೆ ಒಪ್ಪಿಸಿಬಿಟ್ಟಿದ್ದೇವೆ.

ಇಷ್ಟು ಅಲ್ಪವಾದ ವಸ್ತುವಿಗೆ ಇಷ್ಟೊಂದು ಶ್ರಮವೇಕೆ ಎಂದು ಆರಂಭದಲ್ಲಿ ಕೇಳಿದೆನಷ್ಟೆ. ಎಲೆಯ ತುದಿಯಲ್ಲಿರುವುದು ಒಂದು ಋತು. ಅದು ಮತ್ತೆ ಬರುವವರೆಗೆ ಬಾಳಬೇಕು. ಬಂದದ್ದನ್ನು ಬಂದಾಗಲೇ ತಿಂದು ಮುಗಿಸದೆ, ಇರುವುದನ್ನು ಕೆಡಿಸದೆ, ನಾಳೆಯವರ ಎಲೆಗೂ ಒಂದು ಹೋಳು ಇಡುವುದೇ ಆ ಶ್ರಮದ ಅರ್ಥ.

ಚಿಕ್ಕಮ್ಮ ಈಗಿಲ್ಲ. ಕಡೆಯ ವರ್ಷ ಆಕೆ ಹಾಕಿಟ್ಟ ಉಪ್ಪಿನಕಾಯಿ ಆಕೆ ಹೋದ ಮೇಲೆ ಏಳು ತಿಂಗಳು ನಮ್ಮ ಊಟಕ್ಕೆ ಒದಗಿತು. ತಳದಲ್ಲಿ ನಾಲ್ಕು ಹೋಳು ಉಳಿದಾಗ ಅದನ್ನು ನೆನಪಿಗಾಗಿ ಇಟ್ಟುಕೊಳ್ಳೋಣವೆಂದು ಮನೆಯಲ್ಲಿ ಯಾರೋ ಅಂದರು. ನಾನು ಒಪ್ಪಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಆಕೆಗೆ ಹಿಡಿಸುತ್ತಿರಲಿಲ್ಲ. ಆ ನಾಲ್ಕು ಹೋಳನ್ನು ಹಂಚಿಕೊಂಡು ಉಂಡೆವು. ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಮೂರು ದಿನ ಬಿಸಿಲಿಗಿಟ್ಟೆವು. ಆ ಯುಗಾದಿಯಿಂದ ಅದನ್ನು ತುಂಬುವ ಕೆಲಸ ನನ್ನದು. ಹೋಳು ಒರೆಸುವ ಮೊದಲು ನನ್ನ ಕೈಯನ್ನು ಎರಡು ಬಾರಿ ಒರೆಸಿಕೊಳ್ಳುತ್ತೇನೆ.